ಬಿಳಿ ವೃತ್ತದಲ್ಲಿ ಕರೀ ಪಟ್ಟಿ

ಜೀರುಂಡೆಯ ಬೆನ್ನ ಮೇಲೆ ಇದ್ದದ್ದು ಅವನ ಬೆಳಕು. ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ, ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ, ಬಟಾಣಿ ಕಾಳಿನಷ್ಟೂ ಇರಲಾರದ ಆ ಹುಳು ಮಂಚದಷ್ಟಾಗಿ ಬಿದ್ದಿತ್ತು. ಹಸಿರಾಗಿ ಮಿಂಚುವ ಬೆನ್ನಿನ ಉಬ್ಬಿನಲ್ಲಿ ದುಂಡಗಿನ ಬಿಳಿ ಹೊಳಪು. ಆ ಬಿಳುಪಿನ ಬಲಗಡೆ ಕೆಳಗೆ, ಗಡಿಯಾರದ ಮುಳ್ಳು ನಾಲ್ಕು ಗಂಟೆಗೆ ನಿಲ್ಲುವ ಜಾಗದಲ್ಲಿ, ಅಡ್ಡಲಾಗಿ ಒಂದು ಕರೀ ಪಟ್ಟಿ. ಭಾನುವಾರದ ಬೆಳಗ್ಗೆ ಅಲ್ಲಿ ಸೇರುವ ಫೋಟೋ ಸಂಘದ ಹನ್ನೊಂದು ಜನರೂ "ಆಹಾ" ಎಂದರು. ಅವನೂ ಎಂದ. ಚಿತ್ರ ತೆಗೆದದ್ದು ಅವನಲ್ಲ, ಹಲ್ಲಿನ ಡಾಕ್ಟರು. ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಡಾಕ್ಟರು ಹೊಗಳಿಕೆ ಕೇಳಿ ಹಿಂದಕ್ಕೆ ತಿರುಗಿದಾಗ ನೇರವಾಗಿ ಅವನ ಮುಖವನ್ನೇ ಹುಡುಕಿ ನಕ್ಕರು. ಅವನು ಕಣ್ಣನ್ನು ಮತ್ತೆ ಬಟ್ಟೆಯ ಮೇಲಿನ ಹುಳುವಿನ ಕಡೆ ತಿರುಗಿಸಿದ.

ಹುಳುಹುಪ್ಪಟೆಗಳನ್ನು ಹತ್ತಿರದಿಂದ ಚಿತ್ರ ತೆಗೆಯುವವರಿಗೆಲ್ಲ ಗೊತ್ತಿರುವ ಸಂಗತಿ ಅದು: ಎದುರಿಗೆ ಯಾವ ದೀಪ ಇತ್ತೋ ಅದರ ಆಕಾರ ಹೊಳೆಯುವ ಬೆನ್ನಿನಲ್ಲಿ ಮೂಡಿಯೇ ಮೂಡುತ್ತದೆ. ಬರೀ ಫ್ಲ್ಯಾಶ್ ಹೊಡೆದರೆ ಸುಟ್ಟ ಗಾಯದ ಹಾಗೆ ಒಂದು ಚುಕ್ಕೆ. ಅಂಗಡಿಯಲ್ಲಿ ಸಿಗುವ ಬಿಳಿ ಚೀಲ ತೊಡಿಸಿದರೆ ಒಂದು ಚೌಕ. ಅವನದು ಮನೆಯಲ್ಲೇ ಮಾಡಿಕೊಂಡದ್ದು. ದೊಡ್ಡದೊಂದು ಐಸ್‌ಕ್ರೀಂ ಡಬ್ಬಿ, ಅದರ ತಳಕ್ಕೆ ಫ್ಲ್ಯಾಶಿನ ಮೂತಿ ತೂರುವಷ್ಟು ತೂತು, ಒಳಗೋಡೆಗೆ ಅಂಟಿಸಿದ ಬೆಳ್ಳಿಬಣ್ಣದ ಹಾಳೆ, ಬಾಯಿಗೆ ಎರಡು ಪದರ ಬಟರ್ ಪೇಪರ್, ಅದರ ಮೇಲೆ ಅದೇ ಡಬ್ಬಿಯ ಹಾಲುಬಿಳುಪಿನ ಮುಚ್ಚಳ. ಬಗ್ಗಿಸಿದ ಅಲ್ಯೂಮಿನಿಯಂ ಪಟ್ಟಿಯೊಂದು ಇದಿಷ್ಟನ್ನೂ ಕ್ಯಾಮೆರಾದ ನೆತ್ತಿಯಿಂದ ಮುಂದಕ್ಕೆ ಚಾಚಿ, ಹುಳುವಿನ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಹಿಡಿದು ನಿಲ್ಲಿಸುತ್ತದೆ. ಫ್ಲ್ಯಾಶಿನ ಉರಿ ಡಬ್ಬಿಯೊಳಗೆ ಸುತ್ತಾಡಿ, ಕಾಗದದಲ್ಲಿ ಸೋಸಿ, ಮುಚ್ಚಳದಿಂದ ಹೊರಗೆ ಬರುವ ಹೊತ್ತಿಗೆ ಮೋಡದ ದಿನದ ಬೆಳಕಿನಷ್ಟು ಮೆತ್ತಗಾಗಿರುತ್ತದೆ. ಆ ಮುಚ್ಚಳ ಒಂದು ಕಡೆ ಸೀಳಿದೆ. ಸೀಳಿಗೆ ಕರೆಂಟಿನವರು ಬಳಸುವ ಕರೀ ಟೇಪು ಅಂಟಿಸಿದ್ದಾನೆ. ಅವನ ಪ್ರತಿ ಚಿತ್ರದಲ್ಲೂ, ಇಬ್ಬನಿಯ ಹನಿಯಲ್ಲಿ, ಇರುವೆಯ ಹೊಟ್ಟೆಯಲ್ಲಿ, ಜೇಡದ ಎಂಟು ಕಣ್ಣುಗಳಲ್ಲಿ ಎಂಟು ಸಲ, ಆ ಪಟ್ಟಿ ಇರುತ್ತದೆ. ಬೇರೆಯವರು ಅದನ್ನು ಕಾಣಲಾರರು ಎಂದು ಅವನ ನಂಬಿಕೆ. ಅವನಿಗೆ ಮಾತ್ರ ಕಾಣುತ್ತದೆ, ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನಿಗೆ ಬಿಳುಪಿನಲ್ಲಿ ಕರೀ ಗೆರೆ ಹುಡುಕುವುದೇ ಕಸುಬು. ಹುಡುಕಿ ಬಾಯಿ ಮುಚ್ಚಿಕೊಂಡಿರುವುದೂ ಕಸುಬೇ. "ಮುರಿದಿದೆಯಾ?" ಎಂದು ಕೇಳುವವರ ಮುಖ ನೋಡದೆ "ಡಾಕ್ಟ್ರು ಹೇಳ್ತಾರೆ" ಎನ್ನಬೇಕು.

ಸಭೆ ಮುಗಿದು ಎಲ್ಲರೂ ಕುರ್ಚಿ ಮಡಚುವಾಗ ಡಾಕ್ಟರು ಹತ್ತಿರ ಬಂದರು. ಎತ್ತರದ ಆಳು, ಸದಾ ಆಗ ತಾನೇ ಕೈ ತೊಳೆದುಕೊಂಡು ಬಂದವರ ಹಾಗೆ ಸೋಪಿನ ವಾಸನೆ.

"ಏನ್ಸಾರ್, ಸುಮ್ಮನೆ ಕೂತ್ಬಿಟ್ರಿ? ಉಳಿದೋರು ಏನ್ ಬೇಕಾದ್ರೂ ಅನ್ಲಿ, ನನಗೆ ನಿಮ್ಮ ಮಾತು ಮುಖ್ಯ."

"ಚೆನ್ನಾಗಿದೆ."

"ಬೆಳಕು?"

"ಬೆಳಕೂ ಚೆನ್ನಾಗಿದೆ."

"ಇರ್ಲೇಬೇಕಲ್ಲ!" ಡಾಕ್ಟರು ಗಹಗಹಿಸಿ ಅವನ ಬೆನ್ನು ತಟ್ಟಿದರು. "ಗುರುವಿಗೇ ತಿರುಮಂತ್ರ ಹಾಕ್ದ ಅನ್ಕೋಬೇಡಿ ಮತ್ತೆ. ಮನೇಲಿ ಕೇಳಿದೆ ಅಂತ ಹೇಳಿ."

ಮೆಟ್ಟಿಲಿಳಿಯುವಾಗ ಆ ಮಾತುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. ಇರಲೇಬೇಕಲ್ಲ ಎಂದರೆ ಏನು? ತಿರುಮಂತ್ರದ ಮಾತು ಯಾಕೆ ಬಂತು? ಮನೆಯಲ್ಲಿ ಕೇಳಿದೆ ಅಂತ ಹೇಳಿ ಎಂದು ಊರೆಲ್ಲ ಹೇಳುತ್ತದೆ, ಸರಿ. ಆದರೆ ಅಷ್ಟೆಲ್ಲ ನಕ್ಕಮೇಲೆ ಕೊನೆಗೆ ಹೇಳುವುದು ಬೇರೆ. ಡಬ್ಬಿ ಇರುವುದು ಮನೆಯ ಹಿಂದಿನ ಕೋಣೆಯ ಬೀರುವಿನಲ್ಲಿ. ಬೀರುವಿಗೆ ಬೀಗವಿಲ್ಲ. ಅದನ್ನು ಅವನು ಯಾರಿಗೂ ಕೊಟ್ಟವನಲ್ಲ. ಅವನು ಎಂಟಕ್ಕೆ ಮನೆ ಬಿಟ್ಟರೆ ಬರುವುದು ನಾಲ್ಕೂವರೆಗೆ. ಅಷ್ಟು ಹೊತ್ತೂ ಮನೆಯಲ್ಲಿರುವವಳು ಹೆಂಡತಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನವರ ಕಿಟಕಿಗಳಿಗೆಲ್ಲ ಪರದೆ ಹೊಲಿಯುತ್ತಾಳೆ. ಹೋದ ತಿಂಗಳು ಅವಳ ದವಡೆ ಹಲ್ಲಿಗೆ ಇದೇ ಡಾಕ್ಟರು ನಾಲ್ಕು ಸಲ ಕೂರಿಸಿಕೊಂಡು ಕೆಲಸ ಮಾಡಿದ್ದರು. ಒಂದು ಹಲ್ಲಿಗೆ ನಾಲ್ಕು ಸಲ. ಜೀರುಂಡೆ ಕೂತಿದ್ದದ್ದು ದಾಸವಾಳದ ಎಲೆಯ ಮೇಲೆ. ಅವನ ಮನೆಯ ಹಿತ್ತಿಲ ಕುಂಡದಲ್ಲಿ ಇರುವುದೂ ದಾಸವಾಳವೇ. ಚಿತ್ರದ ಹಿನ್ನೆಲೆಯ ಮಾಸಲು ನೀಲಿ ಅವಳು ಪರದೆಗೆ ಕೊಡುವ ಅಸ್ತರಿನ ಬಟ್ಟೆಯ ನೀಲಿ. ಇಷ್ಟೆಲ್ಲ ಒಟ್ಟಿಗೆ ಕೂಡಿಬರುವುದು ಸುಮ್ಮನೆ ಆಗುವ ಮಾತೇ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬುದು ಅವನಿಗೆ ಗೊತ್ತಿಲ್ಲದ ಗಾದೆಯಲ್ಲ. ಆದರೆ ಕಾಮಾಲೆ ಬಂದವನ ಮನೆಯ ಗೋಡೆಯೂ ನಿಜವಾಗಿಯೇ ಹಳದಿ ಇರಬಹುದಲ್ಲ ಎಂದುಕೊಂಡ.

ಆ ಡಬ್ಬಿ ಮೊದಲು ಅವಳದಾಗಿತ್ತು. ಗುಂಡಿಗಳನ್ನು ಹಾಕಿಡುತ್ತಿದ್ದಳು. ಒಂದು ದಿನ ಅವಳು ಇಲ್ಲದಾಗ ಗುಂಡಿಗಳನ್ನೆಲ್ಲ ಕಾಗದದ ಪೊಟ್ಟಣಕ್ಕೆ ಸುರಿದು, ಅವಳ ಬಟ್ಟೆ ಕತ್ತರಿಯಲ್ಲೇ ಡಬ್ಬಿಗೆ ತೂತು ಕೊರೆದಿದ್ದ. ಕತ್ತರಿಯ ಬಾಯಿ ಹಾಳಾಗಿತ್ತು. ಅವಳು ಎರಡು ದಿನ ತುಟಿ ಪಿಟಕ್ಕೆನ್ನಲಿಲ್ಲ. ಮೂರನೆಯ ದಿನ ತಾನಾಗಿಯೇ ಬಂದು, ಒಂದು ಪದರ ಸಾಲದು, ಎರಡು ಪದರ ಹಾಕಿ ನೋಡಿ, ಬೆಳಕು ಸೋಸೋದು ನನ್ನ ಕಸುಬು, ನನ್ನನ್ನ ಕೇಳ್ಬಾರ್ದಾ ಎಂದು ನಕ್ಕಳು. ಎರಡನೆಯ ಪದರ ಅವಳ ಬುದ್ಧಿ. ಅದನ್ನು ಅವನು ಯಾರಿಗೂ ಹೇಳಿಲ್ಲ. ಮುಚ್ಚಳ ಸೀಳಿದ್ದು ಅದಾದ ಮೇಲೆ. ಅವನ ಮೊಣಕೈ ತಾಗಿ ಮೇಜಿನಿಂದ ಬಿತ್ತು, ಬಿದ್ದ ಸದ್ದಿಗೆ ಅವಳು ಒಳಗೆ ಓಡಿಬಂದಳು, ಅವಳ ಸೆರಗು ಮೇಜಿನ ಅಂಚಿನಲ್ಲಿ ಸವರಿದ್ದು ಕಂಡು ಅವನ ಬಾಯಿಂದ "ನೋಡ್ಕೊಂಡು ಓಡಾಡೋಕೆ ಆಗಲ್ವಾ?" ಎಂಬ ಮಾತು ಬಂದೇಬಿಟ್ಟಿತು. ಅವಳು ಅಯ್ಯೋ ಎಂದು ಬಗ್ಗಿ ಚೂರು ಹುಡುಕಿದಳು. ಮುಚ್ಚಳ ಆಗಲೇ ನೆಲದ ಮೇಲಿತ್ತು, ಅವಳು ಬರುವ ಮೊದಲೇ ಇತ್ತು, ಅವಳಿಗೆ ಅದು ಹೊಳೆಯಲಿಲ್ಲವೋ ಅಥವಾ ಹೊಳೆದೂ ಸುಮ್ಮನಾದಳೋ. ಸುಮ್ಮನಿರಬಲ್ಲವಳು ಎಂಬುದೇ ಈಗ ಅವನಿಗೆ ಹೆದರಿಕೆಯಾಗುತ್ತಿತ್ತು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡವಳು ಇನ್ನೇನನ್ನು ಇಟ್ಟುಕೊಂಡಿರಲಾರಳು?

ಊಟಕ್ಕೆ ಕೂತಾಗ ಅವಳು ಹೆಗಲ ಮೇಲಿನ ಅಳತೆ ಪಟ್ಟಿ ತೆಗೆಯುವುದನ್ನೂ ಮರೆತು ಬಡಿಸಿದಳು.

"ಹೇಗಿತ್ತು ಇವತ್ತು?"

"ಡಾಕ್ಟ್ರು ಒಂದು ಚಿತ್ರ ತೋರಿಸಿದ್ರು."

"ಜೀರುಂಡೆದಾ?"

ನೀರು ಕುಡಿದು, ಆದಷ್ಟು ಸಹಜವಾದ ದನಿಯಲ್ಲಿ, "ನಿನಗೆ ಹೇಗೆ ಗೊತ್ತು?" ಎಂದ.

"ಹಲ್ಲು ಕೊರೀವಾಗೆಲ್ಲ ಅದೇ ಪುರಾಣ ಅವರದು. ಬೆಂಕಿಪೊಟ್ಟಣದಲ್ಲಿ ಹುಳ ಇಟ್ಕೊಂಡಿದ್ರಂತೆ. ಬಾಯಿ ತೆರೆದು ಕೂತೋರಿಗೆ ಹೇಳಿದ್ರೆ ಎದುರು ಮಾತಾಡಲ್ವಲ್ಲ! ನೀವೆಲ್ಲ ಒಂದೇ ಕುಲದೋರು ಬಿಡಿ." ಅವಳು ನಕ್ಕಳು. ನಕ್ಕ ಮೇಲೆ ಅವನ ತಟ್ಟೆ ನೋಡಿ, "ಇನ್ನೊಂಚೂರು ಹಾಕ್ಲಾ?" ಎಂದಳು. ಆಗಲೇ ಕೇಳಬಹುದಿತ್ತು. ಡಾಕ್ಟ್ರು ನಮ್ಮನೆಗೆ ಬಂದಿದ್ರಾ, ನನ್ನ ಡಬ್ಬಿ ಕೊಟ್ಟಿದ್ಯಾ ಎಂದು ಎರಡೇ ಮಾತು. ಕೇಳಿದರೆ ಅವಳು ಇಲ್ಲ ಎನ್ನುತ್ತಾಳೆ. ಇಲ್ಲ ಎಂದಮೇಲೆ ಆ ಇಲ್ಲವನ್ನು ಏನು ಮಾಡುವುದು? ಸಾಕು ಎಂದು ಕೈ ಅಡ್ಡ ಹಿಡಿದ. ಅವಳು ಅಡುಗೆಮನೆಗೆ ಹೋದಮೇಲೆ, ಉತ್ತರ ಅಷ್ಟು ಬೇಗ ಬಂದದ್ದು ಯಾಕೆ ಎಂದು ಯೋಚಿಸಿದ. ತಡವಾಗಿ ಬಂದಿದ್ದರೆ ತಡವಾದದ್ದು ಯಾಕೆ ಎಂದು ಯೋಚಿಸುತ್ತಿದ್ದ. ಅದೂ ಅವನಿಗೆ ತಿಳಿದಿತ್ತು, ತಿಳಿದು ನಾಚಿಕೆಯೂ ಆಯಿತು. ನಾಚಿಕೆಯಿಂದ ಅನುಮಾನವೇನೂ ಕಡಿಮೆಯಾಗಲಿಲ್ಲ.

ಸೋಮವಾರ ಬೆಳಗ್ಗೆ ಆಸ್ಪತ್ರೆಗೆ ಹೊರಡುವ ಮುಂಚೆ ಫ್ಲ್ಯಾಶಿಗೆ ಚಾರ್ಜು ತುಂಬಿದ ನಾಲ್ಕು ಸೆಲ್ಲು ಹಾಕಿ, ಒಂದೊಂದರ ಬಲವನ್ನೂ ಮೀಟರಿನಲ್ಲಿ ಅಳೆದು ಚೀಟಿಯಲ್ಲಿ ಬರೆದುಕೊಂಡ. 1.38 ವೋಲ್ಟು. ಯಾರಾದರೂ ಫ್ಲ್ಯಾಶ್ ಹೊಡೆದರೆ ಸೆಲ್ಲು ಇಳಿಯುತ್ತದೆ. ಇಳಿದರೆ ಮೀಟರು ಹೇಳುತ್ತದೆ. ಮೀಟರಿಗೆ ಹೆಂಡತಿಯೂ ಇಲ್ಲ, ಸ್ನೇಹಿತರೂ ಇಲ್ಲ. ಇಡೀ ದಿನ ಕತ್ತಲೆ ಕೋಣೆಯಲ್ಲಿ ಜನರ ಎದೆ, ಮೊಣಕಾಲು, ಮಣಿಕಟ್ಟುಗಳನ್ನು ತಿರುಗಿಸಿ ಮಲಗಿಸುತ್ತ, ಉಸಿರು ಹಿಡ್ಕೊಳ್ಳಿ ಎನ್ನುತ್ತ, ಬಿಡಿ ಎನ್ನುವುದನ್ನು ಎರಡು ಸಲ ಮರೆತ. ಒಬ್ಬ ಮುದುಕ ಮುಖ ಕೆಂಪಾಗುವವರೆಗೂ ಉಸಿರು ಹಿಡಿದು ನಿಂತಿದ್ದ. ಸಂಜೆ ಬಂದವನೇ ಬೂಟನ್ನೂ ಬಿಚ್ಚದೆ ಬೀರು ತೆಗೆದು ಅಳೆದ. 1.37. ಮಂಗಳವಾರ 1.36. ಬುಧವಾರ 1.34. ಸುಮ್ಮನೆ ಇಟ್ಟ ಸೆಲ್ಲೂ ದಿನಕ್ಕಿಷ್ಟು ತಾನಾಗಿಯೇ ಇಳಿಯುತ್ತದೆ. ಇದನ್ನು ಅವನೇ ಒಂದು ಭಾನುವಾರ ಸಂಘದವರಿಗೆಲ್ಲ ಬಿಡಿಸಿ ಹೇಳಿದ್ದ. ಈಗ ಅದು ನೆನಪಿಗೆ ಬಂತು. ಬಂದದ್ದನ್ನು ಬಾಗಿಲಲ್ಲೇ ನಿಲ್ಲಿಸಿ, ಇದು ಇಷ್ಟು ಬೇಗ ಇಳಿಯುವುದಿಲ್ಲ ಎಂದ. ಅಳೆಯುವುದಕ್ಕೆಂದು ದಿನವೂ ಒಂದೆರಡು ಸಲ ಫ್ಲ್ಯಾಶ್ ಹೊಡೆದು ನೋಡುತ್ತಿದ್ದವನು ತಾನೇ ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅವನು ಹುಡುಗನಾಗಿದ್ದಾಗ ಅವನ ಅಪ್ಪ ತಲೆಗೆ ಹಚ್ಚುವ ಎಣ್ಣೆಯ ಸೀಸೆಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದ. ಸೀಸೆಯ ಚೀಟಿಯ ಮೇಲೆ, ಬೆಳಗ್ಗೆ ಎಣ್ಣೆ ಎಲ್ಲಿತ್ತೋ ಅಲ್ಲಿ. ಅಮ್ಮ ಯಾರಿಗಾದರೂ ಕೊಡುತ್ತಾಳೆ ಎಂದು ಅಪ್ಪನ ಅನುಮಾನ. ಪಕ್ಕದ ಮನೆಯವಳಿಗೋ, ತವರಿನಿಂದ ಬಂದವರಿಗೋ. ಅಮ್ಮ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ತಲೆಗೆ ಎಣ್ಣೆ ಹಚ್ಚುವುದನ್ನೇ ಬಿಟ್ಟಳು. ಗೆರೆ ಕದಲಲಿಲ್ಲ, ಅಪ್ಪನಿಗೆ ಸಮಾಧಾನವಾಯಿತು, ಅಮ್ಮನ ಕೂದಲು ತೆಂಗಿನ ನಾರಿನ ಹಾಗೆ ಒಣಗಿ ನಿಂತಿತು. ಆಗ ಏಳನೆಯ ತರಗತಿಯಲ್ಲಿದ್ದ ಅವನು ಅಪ್ಪ ಸಾಯಲಿ ಎಂದು ಒಂದು ರಾತ್ರಿ ಹಾಸಿಗೆಯಲ್ಲಿ ಬೇಡಿಕೊಂಡಿದ್ದ. ಈಗ ಬೀರುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೀಟರಿನ ಕೆಂಪು ತಂತಿ ಕಪ್ಪು ತಂತಿಗಳನ್ನು ಸೆಲ್ಲಿನ ಎರಡು ತುದಿಗೆ ಒತ್ತಿ ಹಿಡಿದಾಗ, ತನ್ನ ಬೆನ್ನು ಬಾಗಿದ ರೀತಿ ಅಪ್ಪನದೇ ಅನ್ನಿಸಿತು. ಆದರೂ ಅಳತೆಯನ್ನು ಬರೆದುಕೊಂಡ.

"ಏನ್ರೀ ಅದು, ದಿನಾ ಬಂದ ತಕ್ಷಣ ಬೀರು ಮುಂದೆ ಕೂರ್ತೀರಿ?" ಬಾಗಿಲಲ್ಲಿ ನಿಂತು ಅವಳು ಕೇಳಿದಳು.

"ಸೆಲ್ಲು ನೋಡ್ತಿದೀನಿ."

"ಅದಕ್ಕೇನಾಗಿದೆ?"

"ಇಳೀತಿದೆ."

"ಹಳೇದಾಗಿರ್ಬೇಕು. ಹೊಸದು ತಗೊಳ್ಳಿ." ಹೇಳಿ ಹೊರಟುಹೋದಳು. ಹೋದಮೇಲೆ ಹೊಲಿಗೆ ಯಂತ್ರ ಬಹಳ ಹೊತ್ತು ಸದ್ದು ಮಾಡಲಿಲ್ಲ.

ಗುರುವಾರ ಅವನು ಹುತ್ತಕ್ಕೇ ಕೈ ಹಾಕಿದ. ಎದುರುಮನೆಯ ಅಜ್ಜಿ ದಿನವಿಡೀ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬೀದಿ ಕಾಯುತ್ತಾಳೆ. ಬೀದಿ ನಾಯಿಯ ಬಸಿರೂ ಅವಳಿಗೆ ತಿಳಿಯದೆ ಆಗುವುದಿಲ್ಲ ಎಂದು ಹೆಂಡತಿಯೇ ತಮಾಷೆ ಮಾಡುತ್ತಿದ್ದಳು. ಆಸ್ಪತ್ರೆಯಿಂದ ಬರುವಾಗ ಮನೆಯ ಕಡೆ ತಿರುಗದೆ ಅಜ್ಜಿಯ ಬಾಗಿಲಿಗೆ ಹೋದ.

"ಒಂದು ಪಾರ್ಸೆಲ್ ಬರೋದಿತ್ತು ಅಜ್ಜಿ. ಈ ವಾರ ನಮ್ಮನೆಗೆ ಯಾರಾದ್ರೂ ಬಂದಿದ್ರಾ?"

"ಯಾರಪ್ಪ? ಹೆಂಗಸರಾ, ಗಂಡಸರಾ?"

"ಯಾರಾದ್ರೂ."

"ಹೆಂಗಸರು ಬರ್ತಾನೇ ಇರ್ತಾರೆ, ಪರದೆಗೆ." ಅಜ್ಜಿ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. "ಗಂಡಸರಾ ಅಂದ್ರೆ, ಸೋಮವಾರ ಒಬ್ರು ಬಂದಿದ್ರು. ಎತ್ತರಕ್ಕೆ ಇದ್ರು. ಕೈಲಿ ಚೀಲ ಇತ್ತು."

"ಎಷ್ಟೊತ್ತು ಇದ್ರು?"

"ನಾನೇನು ಗಡಿಯಾರ ಹಿಡ್ಕೊಂಡು ಕೂತಿರ್ತೀನಾ? ಬಂದ್ರು, ಹೋದ್ರು." ಸ್ವಲ್ಪ ತಡೆದು ಅಜ್ಜಿ ದನಿ ತಗ್ಗಿಸಿದಳು. "ಪಾರ್ಸೆಲ್ ತರೋರ ಹಾಗೆ ಕಾಣ್ಲಿಲ್ಲ ಕಣಪ್ಪ. ನೀನು ಅವಳನ್ನೇ ಕೇಳ್ಬಾರ್ದಾ?"

ಹೌದು ಹೌದು ಕೇಳ್ತೀನಿ ಎಂದು ಬೀದಿ ದಾಟುವಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಅಂಗಿಯ ಕಾಲರು ಸರಿಮಾಡಿಕೊಂಡ. ಎತ್ತರಕ್ಕೆ ಇದ್ದರು, ಕೈಯಲ್ಲಿ ಚೀಲ. ಚೀಲದಲ್ಲಿ ಕ್ಯಾಮೆರಾ. ಇನ್ನೇನು ಬೇಕು? ಆದರೆ ಸೋಮವಾರ ಎಂದರೆ ಚಿತ್ರ ತೋರಿಸಿದ ಮರುದಿನ. ತೆಗೆದು ಆದಮೇಲೆ ಬಂದದ್ದು ಯಾಕೆ? ಇನ್ನೊಂದು ತೆಗೆಯುವುದಕ್ಕೆ. ಅಥವಾ ತೆಗೆಯುವುದಕ್ಕಲ್ಲವೇ ಅಲ್ಲ. ಡಬ್ಬಿಯ ಯೋಚನೆ ಅಲ್ಲಿಂದ ಹಿಂದೆ ಸರಿಯಿತು, ಬೆಳಕು ಹಿಂದೆ ಸರಿಯಿತು, ಕೋಣೆ, ಬಾಗಿಲು, ಅವಳ ನಗು ಉಳಿದವು. ಹದಿನಾರು ವರ್ಷ ಒಟ್ಟಿಗೆ ಬಾಳಿದವಳು ಕೈತಪ್ಪಿ ಹೋಗುತ್ತಾಳೆ ಎಂಬ ಭಯ ಮೊದಲ ಸಲ ಹುಟ್ಟಿತು. ಆ ದಿನ ಅವಳು ಕಾಫಿ ಲೋಟ ಮೇಜಿನ ಮೇಲಿಟ್ಟು ಮಾತಾಡದೆ ಹೋದಳು. ಅವಳಿಗೆ ತಲೆನೋವಿರಬೇಕು ಎಂದುಕೊಂಡ. ಆಮೇಲೆ, ತಲೆನೋವು ಯಾಕೆ ಬಂದಿರಬೇಕು ಎಂದುಕೊಂಡ.

ಶನಿವಾರ ಮಧ್ಯಾಹ್ನ ಹಲ್ಲುನೋವು ಎಂದು ಸುಳ್ಳು ಹೇಳಿ ಡಾಕ್ಟರ ಕ್ಲಿನಿಕ್ಕಿಗೆ ಹೋದ. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ. ಮೊದಲು ಎಲೆಯ ವಿಷಯ, ಆಮೇಲೆ ಹಿನ್ನೆಲೆ, ಕೊನೆಗೆ ಕರೀ ಪಟ್ಟಿ. ಆದರೆ ಕುರ್ಚಿ ಹಿಂದಕ್ಕೆ ಒರಗಿ, ಕಾಲು ಮೇಲೆದ್ದು, ದೊಡ್ಡ ದೀಪ ಮುಖದ ಮೇಲೆ ಬಂದಾಗ, ವಿಚಾರಣೆಗೆ ಬಂದವನು ತಾನೇ ಬಾಯಿ ತೆರೆದು ಮಲಗಬೇಕಾಯಿತು. ಕೊರಳಿಗೆ ಏನೋ ಬಟ್ಟೆ ಕಟ್ಟಿದರು.

"ಆ ಅನ್ನಿ. ಇನ್ನೂ ದೊಡ್ಡದಾಗಿ. ಅಯ್ಯೋ ಸಾರ್, ಇದು ಬಹಳ ದಿನದಿಂದ ಇದೆ. ನೋವಿರ್ಲಿಲ್ವಾ ಇಷ್ಟು ದಿನ?"

ಅವನು ತೆರೆದ ಬಾಯಲ್ಲೇ, ಇಲ್ಲ ಎಂದು ಕತ್ತಾಡಿಸಿದ. ಇಲ್ಲದ ನೋವು ಹೇಳಿಕೊಂಡು ಬಂದರೆ ಇದ್ದ ಹುಳುಕು ಸಿಕ್ಕಿತ್ತು. ಡಾಕ್ಟರು ಚಿಕ್ಕದೊಂದು ಎಕ್ಸ್‌ರೇ ತೆಗೆಯಬೇಕೆಂದು ಏನನ್ನೋ ಹಲ್ಲಿನ ಹಿಂದೆ ತುರುಕಿ, "ಅಲ್ಲಾಡಬಾರದು, ನಿಮಗೆ ನಾನು ಹೇಳ್ಬೇಕಾ!" ಎಂದು ನಕ್ಕರು. ಸೂಜಿ ಚುಚ್ಚಿದರು. ಅರ್ಧ ಮುಖ ಮರಗಟ್ಟುವವರೆಗೆ ಕಾಯಬೇಕಾದ ಹತ್ತು ನಿಮಿಷದಲ್ಲಿ, "ಒಂದು ತೋರಿಸ್ತೀನಿ ಇರಿ, ಸಾರ್, ನಗಬಾರದು" ಎಂದು ಒಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದು ಅವನ ಎದೆಯ ಮೇಲೆಯೇ ಇಟ್ಟು ತೆರೆದರು. ಒಳಗೆ ಒಂದು ಐಸ್‌ಕ್ರೀಂ ಡಬ್ಬಿ. ಬೆಳ್ಳಿಬಣ್ಣದ ಹಾಳೆ. ಬಟರ್ ಪೇಪರ್. ಬಿಳಿ ಮುಚ್ಚಳ. ಮುಚ್ಚಳದ ಮೇಲೆ, ನಾಲ್ಕು ಗಂಟೆಯ ಜಾಗದಲ್ಲಿ, ಅಳತೆಯಿಟ್ಟು ಕತ್ತರಿಸಿ ಅಂಟಿಸಿದ ಕರೀ ಟೇಪು. ಟೇಪಿನ ಕೆಳಗೆ ಮುಚ್ಚಳ ಎಲ್ಲೂ ಸೀಳಿರಲಿಲ್ಲ.

"ಎರಡು ಸಲ ಮಾಡ್ದೆ ಸಾರ್. ಮೊದಲನೇದರಲ್ಲಿ ನಿಮ್ಮ ಪಟ್ಟಿ ಒಂಚೂರು ಮೇಲಕ್ಕೆ ಬಿದ್ದಿತ್ತು, ಬೆಳಕು ಕೂತ್ಕೊಳ್ಲೇ ಇಲ್ಲ. ಸರಿಯಾಗಿ ಇಲ್ಲಿಗೆ ಹಾಕ್ದೆ ನೋಡಿ, ಎಂಥಾ ಉಬ್ಬು ಬಂತು! ಮೇಷ್ಟ್ರೂ ಹಾಕ್ಕೊಂಡಿದಾರೆ. ಐದು ಜನ ಹಾಕ್ಕೊಂಡಿದೀವಿ. ಅದಿಲ್ದಿದ್ರೆ ಹೊಳಪು ಚಪ್ಪಟೆ ಆಗುತ್ತೆ ಅಂತ ನೀವೇ ಹೇಳಿದ್ರಲ್ಲ?"

ಹೇಳಿದ್ದ. ಮೂರು ತಿಂಗಳ ಹಿಂದೆ, ಸಂಘ ನಡೆಸುವ ಡ್ರಾಯಿಂಗ್ ಮೇಷ್ಟ್ರು ಅವನ ಡಬ್ಬಿಯನ್ನು ಎಲ್ಲರ ಮುಂದೆ ಎತ್ತಿ ಹಿಡಿದು, ಈ ಕರೀ ಪಟ್ಟಿ ಯಾತಕ್ಕಪ್ಪ ಎಂದು ಕೇಳಿದಾಗ, ಒಡೆದದ್ದಕ್ಕೆ ತೇಪೆ ಎನ್ನಲು ನಾಲಿಗೆ ಬರಲಿಲ್ಲ. ಅದು ಬೇಕಂತಲೇ ಹಾಕಿದ್ದು ಎಂದ. ಬೆಳಕಿಗೆ ಒಂದು ಕಡೆ ಅಡ್ಡ ಇದ್ದರೆ ಉಬ್ಬು ಎದ್ದು ಕಾಣುತ್ತದೆ ಎಂದ. ಹತ್ತು ಜನ ಪೆನ್ನು ತೆಗೆದು ಬರೆದುಕೊಂಡರು. ಅದನ್ನು ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಮರೆತಿದ್ದ. ದಾಸವಾಳದ ಗಿಡ ಕ್ಲಿನಿಕ್ಕಿನ ಮುಂದೆಯೇ ಇತ್ತು, ಬರುವಾಗ ಅದರ ಪಕ್ಕದಲ್ಲೇ ನಡೆದು ಬಂದಿದ್ದ. ಇನ್ನು ಆ ಮಾಸಲು ನೀಲಿ? ಕತ್ತು ಬಗ್ಗಿಸಿ ನೋಡಿದ. ಅವನ ಕೊರಳಿಗೆ ಕಟ್ಟಿದ್ದ ಬಟ್ಟೆ ಅದೇ ನೀಲಿ. ನಗು ಬಂತು, ಮರಗಟ್ಟಿದ ಅರ್ಧ ತುಟಿ ನಗಲಿಲ್ಲ, ಜೊಲ್ಲು ಇಳಿಯಿತು. ಡಾಕ್ಟರು ಪಾಪ ಎಂದು ಒರೆಸಿದರು. ಈ ಮನುಷ್ಯನನ್ನು ಒಂದು ವಾರದಿಂದ ಎಷ್ಟೆಲ್ಲ ರೀತಿಯಲ್ಲಿ ಮನೆಯೊಳಗೆ ಹೊಗಿಸಿ ಹೊರಡಿಸಿದ್ದೆ ಎಂದು ನೆನೆದು ಅವನು ಕಣ್ಣು ಮುಚ್ಚಿಕೊಂಡ.

ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ. ದಾರಿಯಲ್ಲಿ ಅವಳಿಗೆ ಇಷ್ಟವೆಂದು ಕಿತ್ತಳೆ ಕೊಂಡ. ಬಾಗಿಲಲ್ಲೇ ಶುರುಮಾಡಿದ, ತುಟಿ ಸೊಟ್ಟವಾಗಿ ಮಾತು ಅರ್ಧಂಬರ್ಧ ಬರುತ್ತಿದ್ದರೂ ನಿಲ್ಲಿಸದೆ, ನನ್ನ ತೇಪೇನ ಐದು ಜನ ಅಳತೆ ಇಟ್ಟು ಅಂಟಿಸ್ಕೊಂಡಿದಾರೆ ಕಣೇ, ಡಾಕ್ಟ್ರೂ ಹಾಕಿದಾರೆ, ಮೇಷ್ಟ್ರೂ ಹಾಕಿದಾರಂತೆ ಎಂದು ಹೇಳಿ ಹೇಳಿ ನಕ್ಕ. ಅವಳು ಮೇಜಿನ ಮೇಲೆ ಹರಡಿದ್ದ ಬಟ್ಟೆಯಿಂದ ಗುಂಡುಸೂಜಿ ಕೀಳುತ್ತ ಕೇಳಿಸಿಕೊಂಡಳು. ಕೊನೆಯ ಸೂಜಿ ಕಿತ್ತಮೇಲೆ,

"ಇದಕ್ಕೆ ಇಷ್ಟು ಸಂತೋಷ ಯಾಕೆ?" ಎಂದಳು.

ಅವನ ನಗು ನಿಂತಿತು.

"ಎದುರುಮನೆ ಅಜ್ಜಿ ಬಂದಿದ್ರು. ಗುರುವಾರವೇ ಬಂದಿದ್ರು. ನಿನ್ನ ಗಂಡ ಕೇಳ್ದ ಕಣಮ್ಮ, ನಾನು ಬಾಯಿ ತಪ್ಪಿ ಹೇಳ್ಬಿಟ್ಟೆ, ಏನಾದ್ರೂ ತೊಂದರೆ ಆಯ್ತಾ ಅಂತ ಅತ್ತುಬಿಟ್ರು ಪಾಪ. ಆಮೇಲೆ ನಾನೂ ಬೀರು ತೆಗೆದು ನೋಡ್ದೆ. ಚೀಟಿ ಇತ್ತು. ದಿನಾ ಅಳೆದು ಬರೆದಿದ್ರಿ. ಏನಪ್ಪ ಅಂತ ಎರಡು ದಿನ ಯೋಚ್ನೆ ಮಾಡ್ದೆ. ಈಗ ಡಾಕ್ಟ್ರು ಅಂದ ತಕ್ಷಣ ಅರ್ಥ ಆಯ್ತು."

"ತಪ್ಪಾಯ್ತು ಕಣೇ."

"ಒಂದು ವಾರ. ಒಂದು ಸಲ ನನ್ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?"

"ತಪ್ಪಾಯ್ತು ಅಂದ್ನಲ್ಲ."

"ತಪ್ಪಾಯ್ತು ಬೇಡ ನನಗೆ." ಅವಳ ದನಿ ಏರಲಿಲ್ಲ. ಕಣ್ಣು ಕೆಂಪಾಗಿತ್ತು, ಅಳುತ್ತಿರಲಿಲ್ಲ. "ಕೇಳೋದು ಏನಾದ್ರೂ ಉಳಿದಿದ್ರೆ ಈಗ್ಲೇ ಕೇಳಿಬಿಡಿ. ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ. ಏನೂ ಇಲ್ಲ ಅಂದ್ರೆ ಏನೂ ಇಲ್ಲ ಅನ್ನಿ, ಇಲ್ಲಿಗೇ ಬಿಡೋಣ. ನಾನೂ ಬಿಡ್ತೀನಿ, ನಿಜವಾಗ್ಲೂ ಬಿಡ್ತೀನಿ."

ಏನು ಹೇಳಬೇಕೆಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಏನೂ ಇಲ್ಲ ಎಂಬ ಎರಡು ಮಾತು ನಾಲಿಗೆಯ ತುದಿಯಲ್ಲಿಯೇ ಇದ್ದವು. ಅವಳು ಅದನ್ನೇ ಕಾಯುತ್ತಿದ್ದಳು, ಅದನ್ನು ಹೇಳಲಿ ಎಂದೇ ಇಷ್ಟು ದಾರಿ ಮಾಡಿಕೊಟ್ಟಿದ್ದಳು. ಡಾಕ್ಟರ ವಿಷಯವೆಲ್ಲ ತೊಳೆದು ಹೋಗಿತ್ತು. ಕೈಯಲ್ಲಿ ಕಿತ್ತಳೆಯ ಚೀಲ ಹಿಡಿದು, ಸೊಟ್ಟ ತುಟಿಯಲ್ಲಿ, ಅವನು ಹೇಳಿದ್ದು ತನಗೇ ಕೇಳಿಸಿತು.

"ಸೋಮವಾರ ಬಂದಿದ್ದ ಎತ್ತರದವರು ಯಾರು?"

ಅವಳು ಅವನನ್ನು ನೋಡಿದಳು. ಸಿಟ್ಟು ಬಂದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಬ್ಯಾಂಕಿನವರು. ಆಚೆ ಬೀದಿ ಮೂಲೆ ಮನೆ. ಹಳೇ ಪರದೆ ಚೀಲದಲ್ಲಿ ತಂದಿದ್ರು, ಇದೇ ಅಳತೆಗೆ ಹೊಲೀರಿ ಅಂತ. ಬಾಗಿಲಲ್ಲೇ ಕೊಟ್ಟು ಹೋದ್ರು." ಬಟ್ಟೆಯ ಕೆಳಗಿದ್ದ ಕಾಗದದ ಮೂಲೆಯೊಂದನ್ನು ಹರಿದು, ಫೋನಿನಲ್ಲಿ ಏನೋ ಹುಡುಕಿ, ಪೆನ್ಸಿಲಿನಲ್ಲಿ ಬರೆದು ಅವನ ಮುಂದೆ ಇಟ್ಟಳು. "ಅವರ ಹೆಂಡತಿ ನಂಬರು. ಕೇಳಿ ನೋಡಿ."

"ಏ, ಬೇಡ. ನಾನು ನಂಬ್ತೀನಿ."

"ಇರ್ಲಿ, ಇಟ್ಕೊಳ್ಳಿ."

ಬಟ್ಟೆ ಎತ್ತಿಕೊಂಡು ಅವಳು ಯಂತ್ರದ ಮುಂದೆ ಹೋಗಿ ಕೂತಳು. ಅವನು ಚೀಟಿಯನ್ನು ನೋಡುತ್ತ ನಿಂತಿದ್ದ. ಅವಳು ಸೂಜಿಗೆ ದಾರ ಪೋಣಿಸಿದಳು, ಬಟ್ಟೆಯ ಅಂಚು ಮಡಚಿ ಹಿಡಿದಳು, ಹೊಲಿಯಲು ತೊಡಗಿದಳು. ಆಮೇಲೆ ಅವನು, ಅವಳಿಗೆ ಕಾಣುವ ಹಾಗೆ ಎದುರಿಗೆ ಬಂದು, ಚೀಟಿಯನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಹರಿದು ಕಸದ ಬುಟ್ಟಿಗೆ ಹಾಕಿದ. ಅಷ್ಟರಲ್ಲಿ ನಂಬರು ಬಾಯಿಪಾಠವಾಗಿತ್ತು.